ವಲ್ಲಿಯ ಚಿತ್ರ ಮತ್ತು ಒಡೆತನದ ಒಂದು ಸಾಲು

ಹಸ್ತಪ್ರತಿಗಳ ನಡುವೆ ಕೆಲಸಮಾಡುವವರಿಗೆ ಒಂದು ಅಭ್ಯಾಸವಿರುತ್ತದೆ. ಓಲೆಗರಿಯ ಕಟ್ಟು ಕೈಗೆ ಬಂದೊಡನೆ ಅವರು ಮೊದಲ ಗರಿಗಿಂತ ಮುಂಚೆ ಕೊನೆಯ ಗರಿಯನ್ನು ನೋಡುತ್ತಾರೆ. ಕಾವ್ಯ ಯಾವುದೆಂಬುದು ಹೇಗೂ ತಿಳಿಯುತ್ತದೆ. ಆದರೆ ಈ ಪ್ರತಿಯನ್ನು ಯಾರು ಬರೆದರು, ಯಾರು ಬರೆಯಿಸಿದರು, ಯಾವ ಬಸದಿಗೆ ಯಾವ ನೋಂಪಿಯ ನಿಮಿತ್ತವಾಗಿ ಶಾಸ್ತ್ರದಾನವಾಗಿ ಬಂದಿತು ಎಂಬ ಸಂಗತಿ ಕೊನೆಯ ಗರಿಯ ಎರಡು ಮೂರು ಸಾಲುಗಳಲ್ಲಿ ಮಾತ್ರ ಉಳಿದಿರುತ್ತದೆ. ನನ್ನ ವಿದ್ಯಾರ್ಥಿದೆಸೆಯಲ್ಲಿ ನೋಡಿದ ಒಂದು ಕಟ್ಟಿನಲ್ಲಿ ಆ ಸಾಲಿನ ನಡುವೆ ಒಂದು ಹೆಸರು ಹಿಡಿಯುವಷ್ಟು ಜಾಗವನ್ನು ಯಾರೋ ಚೂರಿಯ ಮೊನೆಯಿಂದ ಹೆರೆದುಹಾಕಿದ್ದರು. ಹೆರೆದದ್ದು ದಾನಿಯ ಹೆಸರೋ ಹಿಂದಿನ ಒಡೆಯನ ಹೆಸರೋ ತಿಳಿಯುವಂತಿರಲಿಲ್ಲ. ಕಾವ್ಯದ ಒಂದಕ್ಷರವೂ ಕೆಟ್ಟಿರಲಿಲ್ಲವಾದ್ದರಿಂದ ನಾನು ನನ್ನ ವಿವರಣಾಪಟ್ಟಿಯಲ್ಲಿ ಆ ಸಂಗತಿಯನ್ನು ಕಾಣಿಸಲಿಲ್ಲ. ನನ್ನ ಗುರುಗಳು ಪಟ್ಟಿಯನ್ನು ಓದಿ, "ಹೆಸರು ಓದಲಾಗದಿದ್ದರೆ ಬೇಡ, ಹೆರೆದಿದ್ದಾರೆ ಎಂಬುದನ್ನಾದರೂ ಬರೆಯಬೇಕಲ್ಲವೆ?" ಎಂದರು. ಅವರ ಆ ಮಾತಿನ ಪೂರ್ಣ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ನಮ್ಮ ನಾಡಿಗೆ ಸಂಬಂಧವೇ ಇಲ್ಲದ ಒಂದು ಚಿತ್ರದ ಕಥೆಯನ್ನು ಓದುವಾಗ.

ಆ ಚಿತ್ರ ಆಸ್ಟ್ರಿಯದ ಕಲಾವಿದ ಏಗೋನ್ ಶೀಲೆ 1912ರಲ್ಲಿ ರಚಿಸಿದ ‘ವಲ್ಲಿಯ ಭಾವಚಿತ್ರ’. ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದದ್ದು. ದೊಡ್ಡದೇನೂ ಅಲ್ಲ; ಎತ್ತರ ಸುಮಾರು 32 ಸೆಂಟಿಮೀಟರು, ಅಗಲ ಸುಮಾರು 40 ಸೆಂಟಿಮೀಟರು. ಕೆಂಗೂದಲಿನ ತರುಣಿಯೊಬ್ಬಳು ತಲೆಯನ್ನು ತುಸು ವಾಲಿಸಿ, ಅಗಲವಾದ ನೀಲಿಗಣ್ಣುಗಳಿಂದ ನಮ್ಮನ್ನೇ ನೋಡುತ್ತಿದ್ದಾಳೆ. ಅವಳು ವಲ್ಬುರ್ಗಾ ನಾಯ್ಟ್‌ಸಿಲ್. ಶೀಲೆಯ ರೂಪದರ್ಶಿ ಮತ್ತು ಸಂಗಾತಿ. 1915ರಲ್ಲಿ ಶೀಲೆ ಅವಳನ್ನು ಬಿಟ್ಟು ಬೇರೊಬ್ಬಳನ್ನು ಮದುವೆಯಾದ. ಯುದ್ಧಕಾಲದ ದಾದಿಯಾಗಿ ಸೇವೆಗೆ ಸೇರಿದ ವಲ್ಲಿ 1917ರಲ್ಲಿ ಜ್ವರಕ್ಕೆ ತುತ್ತಾದಳು. ಮರುವರ್ಷದ ಅಕ್ಟೋಬರಿನಲ್ಲಿ ಶೀಲೆಯೂ ಇನ್‌ಫ್ಲುಯೆಂಜಾ ಮಹಾಮಾರಿಗೆ ಬಲಿಯಾದ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಚಿತ್ರದ ಕರ್ತೃತ್ವದ ಬಗೆಗೆ ಯಾರಿಗೂ ಸಂದೇಹವಿಲ್ಲ. ಸಂದೇಹ ಇದ್ದುದು, ಅಥವಾ ಸಂದೇಹವಿದೆಯೆಂದು ತೋರಿಸಲು ಹಲವರು ಶ್ರಮಿಸಿದ್ದು, ಅದು ಯಾರದ್ದು ಎಂಬ ಒಂದೇ ಪ್ರಶ್ನೆಯಲ್ಲಿ.

ವಿಯೆನ್ನಾದ ಯಹೂದಿ ಮಹಿಳೆ ಲೇಯಾ ಬೋಂಡಿ ಯಾರಾಯ್ ಅವರದ್ದು ಅದು. ಅವರು ಕಲಾಕೃತಿಗಳ ಮಾರಾಟದ ಹೆಸರಾಂತ ಗ್ಯಾಲರಿಯೊಂದನ್ನು ನಡೆಸುತ್ತಿದ್ದರು. ವಲ್ಲಿಯ ಚಿತ್ರ ಮಾತ್ರ ಗ್ಯಾಲರಿಯ ಸರಕಾಗಿರದೆ ಅವರ ಮನೆಯ ಗೋಡೆಯ ಮೇಲಿತ್ತು. 1938ರ ಮಾರ್ಚಿನಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯವನ್ನು ನುಂಗಿತು. ಯಹೂದಿಗಳ ಅಂಗಡಿ, ಕಾರ್ಖಾನೆ, ಮನೆಗಳನ್ನು ‘ಆರ್ಯರ’ ಕೈಗೆ ದಾಟಿಸುವ ಕೆಲಸ ಕಾಯಿದೆಯ ವೇಷದಲ್ಲೇ ಮೊದಲಾಯಿತು. ಬೋಂಡಿಯವರ ಗ್ಯಾಲರಿ ಹೀಗೆ ಫ್ರೀಡ್ರಿಖ್ ವೆಲ್ಟ್ಸ್ ಎಂಬ ಕಲಾವ್ಯಾಪಾರಿಯ, ನಾಟ್ಸಿ ಪಕ್ಷದ ಸದಸ್ಯನ, ಪಾಲಾಯಿತು. 1939ರಲ್ಲಿ ಗಂಡಹೆಂಡಿರು ಇಂಗ್ಲೆಂಡಿಗೆ ಹೊರಡುವ ಸನ್ನಾಹದಲ್ಲಿದ್ದಾಗ ವೆಲ್ಟ್ಸ್ ಅವರ ಮನೆಗೆ ಬಂದ. ಗೋಡೆಯ ಮೇಲಿನ ವಲ್ಲಿಯನ್ನು ಕಂಡು ಅದನ್ನೂ ಕೊಡಬೇಕೆಂದ. ಇದು ಗ್ಯಾಲರಿಗೆ ಸೇರಿದ್ದಲ್ಲ, ನನ್ನ ಸ್ವಂತದ್ದು ಎಂದು ಬೋಂಡಿ ಹೇಳಿದರು. ಅವನು ಪಟ್ಟು ಬಿಡಲಿಲ್ಲ. ಇವನು ಮನಸ್ಸು ಮಾಡಿದರೆ ನಮ್ಮ ಪ್ರಯಾಣವನ್ನೇ ತಡೆದಾನು, ಕೊಟ್ಟುಬಿಡು ಎಂದು ಗಂಡ ಹೇಳಿದ ಮೇಲೆ ಆಕೆ ಕೊಟ್ಟರು. ಇಲ್ಲಿ ಬಂದೂಕು ಹಾರಲಿಲ್ಲ, ಬಾಗಿಲು ಒಡೆಯಲಿಲ್ಲ. ಪ್ರಾಣಭಯದ ಎದುರಿನಲ್ಲಿ ಆಡಿದ ‘ಆಗಲಿ’ ಎಂಬ ಮಾತು ದಾನವೂ ಆಗದು, ಮಾರಾಟವೂ ಆಗದು ಎಂಬುದನ್ನು ಲೋಕದ ನ್ಯಾಯಾಲಯವೊಂದು ಸ್ಪಷ್ಟವಾಗಿ ಹೇಳಲು ಎಪ್ಪತ್ತು ವರ್ಷ ಬೇಕಾಯಿತು.

ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ವೆಲ್ಟ್ಸನ ಸಂಗ್ರಹವನ್ನು ವಶಪಡಿಸಿಕೊಂಡಿತು. ಅದರಲ್ಲಿ ಇನ್ನೊಬ್ಬ ಯಹೂದಿಯಿಂದ ಪಡೆದ ಶೀಲೆಯ ಕೃತಿಗಳೂ ಇದ್ದವು. ಅವರು ಹೈನ್ರಿಖ್ ರೀಗರ್ ಎಂಬ ದಂತವೈದ್ಯರು. ಬಡ ಕಲಾವಿದರಿಂದ ಚಿಕಿತ್ಸೆಯ ಶುಲ್ಕಕ್ಕೆ ಬದಲಾಗಿ ಚಿತ್ರಗಳನ್ನು ಪಡೆದು ಸಂಗ್ರಹ ಬೆಳೆಸಿದವರು. ಅವರು 1942ರಲ್ಲಿ ತೆರೆಸೀನ್‌ಸ್ಟಾಟ್ ಶಿಬಿರದಲ್ಲಿ ತೀರಿಕೊಂಡರು. ಸೈನ್ಯದಿಂದ ಆಸ್ಟ್ರಿಯದ ಸ್ಮಾರಕಗಳ ಇಲಾಖೆಗೆ ವರ್ಗವಾಗುವ ಹಂತದಲ್ಲಿ ಬೋಂಡಿಯವರ ವಲ್ಲಿ ರೀಗರ್ ಅವರ ಚಿತ್ರಗಳ ಗುಂಪಿನೊಳಗೆ ಸೇರಿಹೋಯಿತು. ರೀಗರ್ ಅವರ ವಾರಸುದಾರರು 1950ರಲ್ಲಿ ಆ ಚಿತ್ರಗಳನ್ನು ವಿಯೆನ್ನಾದ ಸರ್ಕಾರಿ ಕಲಾಸಂಗ್ರಹಾಲಯವಾದ ಬೆಲ್ವೆಡೇರಿಗೆ ಮಾರಿದಾಗ, ಅವರದ್ದಲ್ಲದ ಈ ಚಿತ್ರವೂ ಅವುಗಳ ಜೊತೆಗೆ ಹೋಯಿತು.

ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಇದು ತೀರ ಪರಿಚಿತವಾದ ದೋಷ. ಒಬ್ಬ ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ. ಒಂದು ಪದ್ಯ ಬಿಟ್ಟುಹೋಗುತ್ತದೆ ಅಥವಾ ಬೇರೆಡೆಯ ಪದ್ಯ ಇಲ್ಲಿ ಸೇರುತ್ತದೆ. ಮುಂದಿನ ಪ್ರತಿಕಾರ ಅದನ್ನೇ ನಂಬಿ ಬರೆಯುತ್ತಾನೆ. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ತಪ್ಪು ಪಾಠವೇ ಬಹುಸಂಖ್ಯಾತ ಪ್ರತಿಗಳ ಪಾಠವಾಗಿ, ಸಾಧುಪಾಠದ ಗೌರವವನ್ನು ಗಳಿಸಿಬಿಡುತ್ತದೆ. ಎಷ್ಟು ಪ್ರತಿಗಳು ಒಂದು ಪಾಠವನ್ನು ಹೇಳುತ್ತವೆ ಎಂಬುದಕ್ಕಿಂತ ಅವೆಲ್ಲ ಯಾವ ಮೂಲದಿಂದ ಹೊರಟವು ಎಂಬುದು ಮುಖ್ಯ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ವಲ್ಲಿಯ ವಿಷಯದಲ್ಲಿಯೂ ಸೈನ್ಯದ ಕಾಗದ, ಇಲಾಖೆಯ ಕಾಗದ, ಸಂಗ್ರಹಾಲಯದ ದಾಖಲೆ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಅವು ಪರಸ್ಪರ ಸ್ವತಂತ್ರವಾದ ಸಾಕ್ಷಿಗಳಾಗಿರಲಿಲ್ಲ. ಒಂದೇ ತಪ್ಪಿನ ಪ್ರತಿಗಳಾಗಿದ್ದವು.

ಆದರೆ ಲಿಪಿಕಾರನ ಸ್ಖಾಲಿತ್ಯದ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಏಕೆಂದರೆ ಹಸ್ತಪ್ರತಿಯ ಲೋಕದಲ್ಲಿ ಮೂಲಕವಿ ಎದ್ದುಬಂದು ‘ನಾನು ಹೀಗೆ ಬರೆದಿಲ್ಲ’ ಎಂದು ಹೇಳಲಾರ. ಇಲ್ಲಿ ಲೇಯಾ ಬೋಂಡಿ ಬದುಕಿದ್ದರು. ಲಂಡನ್ನಿನಲ್ಲಿದ್ದುಕೊಂಡು ಹೇಳುತ್ತಲೂ ಇದ್ದರು. ಯುದ್ಧಾನಂತರದ ಕಾನೂನಿನ ಮೂಲಕ ಅವರಿಗೆ ಗ್ಯಾಲರಿ ಮರಳಿ ದೊರೆಯಿತು, ಚಿತ್ರ ದೊರೆಯಲಿಲ್ಲ. 1953ರಲ್ಲಿ ವಿಯೆನ್ನಾದ ನೇತ್ರವೈದ್ಯ ರುಡಾಲ್ಫ್ ಲಿಯೋಪೋಲ್ಡ್ ಅವರನ್ನು ಲಂಡನ್ನಿನಲ್ಲಿ ಭೇಟಿಯಾದರು. ಶೀಲೆಯ ಕೃತಿಗಳಿಗೆ ಮಾರುಕಟ್ಟೆಯಲ್ಲಿ ಇನ್ನೂ ಬೆಲೆ ಬಂದಿರದ ಕಾಲದಲ್ಲೇ ಅವನ್ನು ಹುಡುಕಿ ಹುಡುಕಿ ಕೊಳ್ಳುತ್ತಿದ್ದವರು ಅವರು. ವಲ್ಲಿ ಬೆಲ್ವೆಡೇರಿನಲ್ಲಿದೆ, ಅದು ನನ್ನದು, ಮರಳಿ ಪಡೆಯಲು ನೆರವಾಗಿ ಎಂದು ಬೋಂಡಿ ಅವರನ್ನು ಕೇಳಿಕೊಂಡರು. ಮರುವರ್ಷ, 1954ರಲ್ಲಿ, ಲಿಯೋಪೋಲ್ಡ್ ಬೆಲ್ವೆಡೇರಿನೊಡನೆ ವಿನಿಮಯ ಮಾಡಿಕೊಂಡು ಆ ಚಿತ್ರವನ್ನು ತಮ್ಮದಾಗಿಸಿಕೊಂಡರು. ಬೋಂಡಿಯವರಿಗೆ ಅದು ತಿಳಿದದ್ದು ಆಮೇಲೆ. ವಕೀಲರ ಮೂಲಕ, ಪರಿಚಿತರ ಮೂಲಕ ಕೇಳಿದರು. ಫಲವಾಗಲಿಲ್ಲ. 1969ರಲ್ಲಿ ಅವರು ತೀರಿಕೊಂಡರು.

1994ರಲ್ಲಿ ಲಿಯೋಪೋಲ್ಡ್ ಅವರ ಐದು ಸಾವಿರಕ್ಕೂ ಹೆಚ್ಚು ಕೃತಿಗಳ ಸಂಗ್ರಹ ಆಸ್ಟ್ರಿಯ ಸರ್ಕಾರದ ಹಣದ ನೆರವಿನಿಂದ ಒಂದು ಪ್ರತಿಷ್ಠಾನವಾಯಿತು. 1997ರ ಅಕ್ಟೋಬರಿನಲ್ಲಿ ಅದರ ಶೀಲೆ ಕೃತಿಗಳು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನಕ್ಕೆ ಬಂದವು. ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಈ ಸಂಗ್ರಹದ ಕೆಲವು ಕೃತಿಗಳ ಪೂರ್ವಚರಿತ್ರೆಯನ್ನು ಪ್ರಶ್ನಿಸುವ ವರದಿ ಪ್ರಕಟಿಸಿತು. ಬೋಂಡಿಯವರ ವಾರಸುದಾರರು ವಲ್ಲಿಯನ್ನು ಮರಳಿ ಕಳುಹಿಸಬೇಡಿರೆಂದು ಸಂಗ್ರಹಾಲಯವನ್ನು ಬೇಡಿಕೊಂಡರು. ಎರವಲಿನ ಕರಾರಿಗೆ ನಾವು ಬದ್ಧರು ಎಂದು ಸಂಗ್ರಹಾಲಯ ಉತ್ತರಿಸಿತು. 1998ರ ಜನವರಿಯಲ್ಲಿ, ಪ್ರದರ್ಶನ ಮುಗಿದು ಚಿತ್ರಗಳು ಹೊರಡುವ ಹೊತ್ತಿಗೆ, ಮ್ಯಾನ್‌ಹಾಟನ್ ಜಿಲ್ಲೆಯ ಸರ್ಕಾರಿ ಅಭಿಯೋಜಕ ರಾಬರ್ಟ್ ಮಾರ್ಗೆಂಥಾ ಎರಡು ಚಿತ್ರಗಳನ್ನು ತಡೆಹಿಡಿಯುವ ಆದೇಶ ಹೊರಡಿಸಿದರು. ಒಂದು ವಲ್ಲಿ. ಇನ್ನೊಂದು, ಡಾಖಾವ್ ಶಿಬಿರದಲ್ಲಿ 1941ರಲ್ಲಿ ಸತ್ತ ಹಾಸ್ಯನಟ ಫ್ರಿಟ್ಸ್ ಗ್ರ್ಯುನ್‌ಬಾಮ್ ಅವರದ್ದೆಂದು ಅವರ ಬಂಧುಗಳು ಹೇಳುತ್ತಿದ್ದ ‘ಸತ್ತ ನಗರ’.

ಮುಂದಿನ ಹನ್ನೆರಡು ವರ್ಷಗಳ ನ್ಯಾಯಾಲಯದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಹೊರಗಿನಿಂದ ಪ್ರದರ್ಶನಕ್ಕಾಗಿ ಬಂದ ಕೃತಿಗಳನ್ನು ತಡೆಹಿಡಿಯಬಾರದೆಂಬ ಕಾಯಿದೆ ನ್ಯೂಯಾರ್ಕ್ ರಾಜ್ಯದಲ್ಲಿತ್ತು. ಆ ಆಧಾರದ ಮೇಲೆ ರಾಜ್ಯದ ಉಚ್ಚ ನ್ಯಾಯಪೀಠ 1999ರ ಸೆಪ್ಟೆಂಬರಿನಲ್ಲಿ ಮಾರ್ಗೆಂಥಾ ಅವರ ಆದೇಶವನ್ನು ರದ್ದುಪಡಿಸಿತು. ಅಂದೇ ಕೇಂದ್ರ ಸರ್ಕಾರ ಕದ್ದ ಮಾಲಿನ ಸಾಗಾಟವನ್ನು ನಿಷೇಧಿಸುವ ತನ್ನ ಕಾಯಿದೆಯಡಿ ವಲ್ಲಿಯನ್ನು ಮತ್ತೆ ಹಿಡಿದಿಟ್ಟಿತು. ‘ಸತ್ತ ನಗರ’ ವಿಯೆನ್ನಾಕ್ಕೆ ಮರಳಿತು. 2000ರಲ್ಲಿ ನ್ಯಾಯಾಧೀಶ ಮೈಕೇಲ್ ಮುಕಾಸೆ, ಅಮೆರಿಕದ ಸೈನ್ಯ ವಶಪಡಿಸಿಕೊಂಡಾಗಲೇ ಈ ಚಿತ್ರಕ್ಕೆ ಅಂಟಿದ್ದ ‘ಕದ್ದ ಮಾಲು’ ಎಂಬ ಲಕ್ಷಣ ಅಳಿಯಿತು ಎಂದು ತೀರ್ಮಾನಿಸಿದರು. ಸರ್ಕಾರಕ್ಕೆ ವಾದವನ್ನು ತಿದ್ದಿ ಮಂಡಿಸುವ ಅವಕಾಶ ದೊರೆತ ಮೇಲೆ, ಮೊಕದ್ದಮೆ ಮುಂದುವರಿಯಬಹುದೆಂದು 2002ರಲ್ಲಿ ಅವರೇ ಹೇಳಿದರು. 2009ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಲೊರೆಟ್ಟಾ ಪ್ರೆಸ್ಕಾ ಚಿತ್ರ ಬೋಂಡಿಯವರ ಸ್ವಂತದ್ದು, ವೆಲ್ಟ್ಸ್ ಅದನ್ನು ಕಸಿದುಕೊಂಡದ್ದು ಕಳವೇ ಎಂದು ನಿರ್ಣಯಿಸಿದರು. ಉಳಿದ ಪ್ರಶ್ನೆ ಒಂದೇ: ಚಿತ್ರವನ್ನು ಅಮೆರಿಕಕ್ಕೆ ಕಳುಹಿಸುವಾಗ ಅದು ಕದ್ದದ್ದೆಂದು ಲಿಯೋಪೋಲ್ಡ್ ಅವರಿಗೆ ಗೊತ್ತಿತ್ತೆ? 2010ರ ಜುಲೈ ಕೊನೆಯಲ್ಲಿ ಅದರ ವಿಚಾರಣೆ ನಡೆಯಬೇಕಿತ್ತು. ಜೂನ್ 29ರಂದು ಲಿಯೋಪೋಲ್ಡ್ ತೀರಿಕೊಂಡರು. ಜುಲೈ 20ರಂದು ರಾಜಿಯಾಯಿತು. ಸಂಗ್ರಹಾಲಯ ಬೋಂಡಿಯವರ ವಾರಸುದಾರರಿಗೆ 1 ಕೋಟಿ 90 ಲಕ್ಷ ಡಾಲರು ಕೊಟ್ಟು ಚಿತ್ರವನ್ನು ಉಳಿಸಿಕೊಂಡಿತು.

ಈ ಪ್ರಕರಣದಲ್ಲಿ ಸಂಗ್ರಹಾಲಯಗಳ ಪರವಾಗಿ ಮೂರು ವಾದಗಳು ಕೇಳಿಬಂದವು. ಅವು ಇಂದಿಗೂ ಇಂಥ ಪ್ರತಿಯೊಂದು ವಿವಾದದಲ್ಲೂ ಕೇಳಿಬರುತ್ತಿರುವುದರಿಂದ ಒಂದೊಂದನ್ನೂ ಎದುರುಗೊಳ್ಳಬೇಕು. ಮೊದಲನೆಯದು, ಎರವಲು ತಂದ ಚಿತ್ರವನ್ನು ಹೀಗೆ ಹಿಡಿದಿಟ್ಟರೆ ನಾಳೆ ಯಾರೂ ಯಾರಿಗೂ ಕೃತಿಗಳನ್ನು ಕಳುಹಿಸಲಾರರು, ಜನರಿಗೆ ಕಲೆಯ ದರ್ಶನವೇ ತಪ್ಪೀತು ಎಂಬುದು. ಇದು ಹಗುರವಾದ ಮಾತಲ್ಲ. ಕರಾರನ್ನು ಉಳಿಸಿಕೊಳ್ಳುವುದೂ ಒಂದು ಧರ್ಮವೇ. ಆದರೆ ಈ ವಾದದ ಒಡಲಿನಲ್ಲಿ ಒಂದು ತಪ್ಪೊಪ್ಪಿಗೆ ಅಡಗಿದೆ. ಒಡೆತನ ಸ್ಪಷ್ಟವಾಗಿರುವ ಕೃತಿಗಳಿಗೆ ಈ ಭಯ ತಟ್ಟುವುದಿಲ್ಲ. ಎಲ್ಲರೂ ಹೆದರುತ್ತಾರೆ ಎಂದರೆ, ಎಲ್ಲರ ಮನೆಯಲ್ಲೂ ಪರೀಕ್ಷಿಸಿರದ ಪೆಟ್ಟಿಗೆಗಳಿವೆ ಎಂದೇ ಅರ್ಥ. ಪರಿಹಾರವಿರುವುದು ಪೆಟ್ಟಿಗೆಗಳನ್ನು ತೆರೆದು ನೋಡುವುದರಲ್ಲಿ. ನಡೆದದ್ದೂ ಹಾಗೆಯೇ. ವಲ್ಲಿಯನ್ನು ತಡೆಹಿಡಿದ ವರ್ಷವೇ ಆಸ್ಟ್ರಿಯದ ಸಚಿವೆ ಎಲಿಸಬೆತ್ ಗೇರರ್ ಸರ್ಕಾರಿ ಸಂಗ್ರಹಾಲಯಗಳ ಕಡತಗಳನ್ನು ತೆರೆಯಿಸಿದರು. ಪತ್ರಕರ್ತ ಹುಬರ್ಟುಸ್ ಚೆರ್ನಿನ್ ಅಲ್ಲಿನ ಸಂಗತಿಗಳನ್ನು ಬಯಲಿಗಿಟ್ಟರು. 1998ರ ಡಿಸೆಂಬರಿನಲ್ಲಿ ಆಸ್ಟ್ರಿಯ ಕಲಾಕೃತಿಗಳನ್ನು ಮರಳಿಸುವ ಕಾಯಿದೆಯನ್ನು ಮಾಡಿತು. ಅದೇ ತಿಂಗಳು 44 ದೇಶಗಳು ವಾಷಿಂಗ್ಟನ್ನಿನಲ್ಲಿ ಸೇರಿ, ನಾಟ್ಸಿಗಳು ಕಸಿದ ಕಲೆಯನ್ನು ಗುರುತಿಸಿ ನ್ಯಾಯಯುತವಾದ ಪರಿಹಾರ ಹುಡುಕುವ ತತ್ತ್ವಗಳನ್ನು ಒಪ್ಪಿದವು. ಬೆಲ್ವೆಡೇರಿನಲ್ಲಿದ್ದ ಕ್ಲಿಮ್ಟನ ಐದು ಚಿತ್ರಗಳು 2006ರಲ್ಲಿ ಬ್ಲಾಖ್-ಬಾವರ್ ಮನೆತನಕ್ಕೆ ಮರಳಿದ್ದು ಈ ದಾರಿಯಲ್ಲೇ. ಇಷ್ಟಾದರೂ ಜಗತ್ತಿನಲ್ಲಿ ಕಲಾಪ್ರದರ್ಶನಗಳು ನಿಂತಿಲ್ಲ.

ಎರಡನೆಯದು ಕಾಲದ ವಾದ. ಅರ್ಧ ಶತಮಾನ ಕಳೆದಿದೆ. ಕಸಿದವನೂ ಇಲ್ಲ, ಕಳೆದುಕೊಂಡವರೂ ಇಲ್ಲ. ಎಲ್ಲಿಯವರೆಗೆ ಹಳೆಯ ಕಡತಗಳನ್ನು ಕೆದಕುತ್ತ ಹೋಗುವುದು? ಯೂರೋಪಿನ ಹಲವು ದೇಶಗಳ ಕಾನೂನು ಸದ್ಭಾವನೆಯಿಂದ ಕೊಂಡವನಿಗೆ ಇಂತಿಷ್ಟು ಕಾಲದ ಮೇಲೆ ಒಡೆತನ ನೀಡುತ್ತದೆ. ಅಮೆರಿಕದಲ್ಲಿ ಕಳ್ಳನಿಂದ ಬಂದ ವಸ್ತುವಿನ ಒಡೆತನ ಎಷ್ಟು ಕೈ ದಾಟಿದರೂ ಸಿದ್ಧಿಸುವುದಿಲ್ಲ. ಎರಡರ ಹಿಂದೆಯೂ ತರ್ಕವಿದೆ. ವ್ಯವಹಾರಕ್ಕೆ ಒಂದು ಕೊನೆ ಬೇಕೆಂಬುದು ಒಂದು. ಕಳವಿಗೆ ಕಾಲ ಸೇರಿದರೆ ಅದು ಸ್ವತ್ತಾಗಬಾರದೆಂಬುದು ಇನ್ನೊಂದು. ನಾನು ನ್ಯಾಯಶಾಸ್ತ್ರಜ್ಞನಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಪ್ರಶ್ನೆ ಕೇಳಬಲ್ಲೆ: ಆ ಕಾಲ ಹೇಗೆ ಕಳೆಯಿತು? ಒಡತಿ ಸುಮ್ಮನಿದ್ದು ಕಳೆದ ಕಾಲ ಬೇರೆ. ಕೇಳುತ್ತಿದ್ದವಳಿಗೆ ಉತ್ತರ ಕೊಡದೆ ಕಳೆದ ಕಾಲ ಬೇರೆ. 1939ರಿಂದ 1969ರವರೆಗಿನ ಮೂವತ್ತು ವರ್ಷ ಬೋಂಡಿ ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ವಿಳಂಬ ಮಾಡಿದವರೇ ಆ ವಿಳಂಬದ ಲಾಭವನ್ನು ಕೇಳುವುದು ನ್ಯಾಯವೆನಿಸದು.

ಮೂರನೆಯ ವಾದ ಸಾಹಿತ್ಯಪ್ರಿಯರಾದ ನಮ್ಮನ್ನು ಹೆಚ್ಚು ಸುಲಭವಾಗಿ ಒಲಿಸಿಕೊಳ್ಳುವಂಥದ್ದು. ಲಿಯೋಪೋಲ್ಡ್ ಲಾಭಕ್ಕಾಗಿ ಕೊಂಡವರಲ್ಲ. ಶೀಲೆಯನ್ನು ಲೋಕ ಮರೆತಿದ್ದಾಗ ಅವರು ನೆನಪಿಟ್ಟರು. 1972ರಲ್ಲಿ ಅವನ ಸಮಗ್ರ ಕೃತಿಸೂಚಿಯಂಥ ದೊಡ್ಡ ಗ್ರಂಥವನ್ನೇ ರಚಿಸಿದರು. ಕೊನೆಗೆ ಎಲ್ಲವನ್ನೂ ಸಾರ್ವಜನಿಕರ ಕಣ್ಣಿಗೆ ಸಿಗುವಂತೆ ಮಾಡಿದರು. ಅವರ ವಿದ್ವತ್ತು, ಪ್ರೀತಿ ಎರಡೂ ನಿಜ. ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ವಿಚಾರಣೆಯೇ ನಡೆಯದಿರುವಾಗ ನಾವು ನಿರ್ಣಯಿಸಲು ಹೋಗಬಾರದು. ಬೆಲ್ವೆಡೇರ್ ಸರ್ಕಾರಿ ಸಂಸ್ಥೆ, ಅದರ ಒಡೆತನವನ್ನು ನಂಬಿದೆ ಎಂಬುದು ಅವರ ನಿಲುವಾಗಿತ್ತು. ಆದರೂ ಒಂದು ಮಾತು ಉಳಿಯುತ್ತದೆ. ಶೀಲೆಯ ಪ್ರತಿಯೊಂದು ಕೃತಿಯ ಚರಿತ್ರೆಯನ್ನು ಬಲ್ಲೆನೆಂಬ ವಿದ್ವಾಂಸನಿಗೆ, ಒಡತಿಯ ಬಾಯಿಂದಲೇ ಕೇಳಿದ ಮಾತನ್ನು ಪರೀಕ್ಷಿಸುವ ಹೊಣೆ ಸಾಮಾನ್ಯ ಗಿರಾಕಿಗಿಂತ ಹೆಚ್ಚಿನದಲ್ಲವೆ? ‘ಗೊತ್ತಿರಲಿಲ್ಲ’ ಎಂಬುದು ಅಜ್ಞನಿಗೆ ಸಮಾಧಾನವಾಗಬಹುದು. ಬಲ್ಲವನ ಸದ್ಭಾವನೆಯನ್ನು ಅಳೆಯುವಾಗ, ತಿಳಿಯಲು ಅವನು ಎಷ್ಟು ಶ್ರಮಪಟ್ಟ ಎಂಬುದನ್ನೂ ನೋಡಬೇಕಾಗುತ್ತದೆ. ಕೃತಿಯ ಮೇಲಿನ ಪ್ರೀತಿ ಎಷ್ಟೇ ದೊಡ್ಡದಾದರೂ ಅದು ಒಡೆತನದ ಪತ್ರವಾಗದು. ಹಸ್ತಪ್ರತಿಗಳ ಲೋಕದಲ್ಲಿ ನಾವು ಈ ಪ್ರಲೋಭನೆಯನ್ನು ಬಲ್ಲೆವು: ‘ಅಲ್ಲಿದ್ದರೆ ಗೆದ್ದಲು ತಿನ್ನುತ್ತಿತ್ತು, ನಾನು ತಂದು ಉಳಿಸಿದೆ’ ಎಂಬ ಮಾತನ್ನು ಎಷ್ಟು ಸಂಗ್ರಾಹಕರ ಬಾಯಲ್ಲಿ ಕೇಳಿಲ್ಲ! ಉಳಿಸಿದ್ದು ಪುಣ್ಯವೇ. ಎಲ್ಲಿಂದ ತಂದೆನೆಂದು ಬರೆಯದೆ ಉಳಿಸಿದ್ದು ಅರ್ಧ ಪುಣ್ಯ. ಕೇಳಿದವರಿಗೆ ಕೊಡದೆ ಉಳಿಸಿಕೊಂಡದ್ದು ಬೇರೆಯೇ ಮಾತು.

ಇನ್ನು ರಾಜಿಯ ವಿಷಯ. ಅದನ್ನು ಹಲವರು ಗೆಲುವೆಂದರು, ಕೆಲವರು ಮಾರಾಟವೆಂದರು. ಹಣದ ಮೊತ್ತ ದೊಡ್ಡದು. ಅದನ್ನು ಹೊಂದಿಸಲು ಲಿಯೋಪೋಲ್ಡ್ ಸಂಗ್ರಹಾಲಯ ಮರುವರ್ಷ ಶೀಲೆಯದೇ ಇನ್ನೊಂದು ಚಿತ್ರವನ್ನು, ಬಣ್ಣಬಣ್ಣದ ಬಟ್ಟೆ ಒಣಹಾಕಿದ ಮನೆಗಳ ನಗರದೃಶ್ಯವನ್ನು, ಲಂಡನ್ನಿನಲ್ಲಿ ಹರಾಜು ಹಾಕಬೇಕಾಯಿತು. ನನಗೆ ಈ ರಾಜಿಯಲ್ಲಿ ಒಂದು ಕೊರತೆ ಕಾಣುತ್ತದೆ, ಒಂದು ಹಿರಿಮೆಯೂ ಕಾಣುತ್ತದೆ. ಕೊರತೆಯೆಂದರೆ, ಯಾರಿಗೆ ಏನು ಗೊತ್ತಿತ್ತು ಎಂಬ ಪ್ರಶ್ನೆ ಸಾಕ್ಷಿಗಳ ಎದುರು ಉತ್ತರ ಕಾಣದೆ ಹೋಯಿತು. ಬೆಲ್ವೆಡೇರ್ 1950ರಲ್ಲಿ ಏನನ್ನು ಪರೀಕ್ಷಿಸಿತು, ಏನನ್ನು ಪರೀಕ್ಷಿಸದೆ ಬಿಟ್ಟಿತು ಎಂಬುದನ್ನೂ ತೆರೆದ ವಿಚಾರಣೆಯಲ್ಲಿ ಕೇಳುವ ಸಂದರ್ಭ ಬರಲಿಲ್ಲ. ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. 1998ರ ಆಸ್ಟ್ರಿಯದ ಕಾಯಿದೆ ಸರ್ಕಾರಿ ಸಂಗ್ರಹಾಲಯಗಳಿಗೆ ಮಾತ್ರ ಅನ್ವಯಿಸುವಂಥದ್ದು. ಸರ್ಕಾರದ ಹಣದಿಂದಲೇ ನಿಂತರೂ ಖಾಸಗಿ ಪ್ರತಿಷ್ಠಾನವೆನಿಸಿದ್ದ ಲಿಯೋಪೋಲ್ಡ್ ಸಂಗ್ರಹಾಲಯ ಅದರ ಹೊರಗುಳಿಯಿತು. ಆ ಕಾಯಿದೆ ಹುಟ್ಟಲು ನೆಪವಾದ ಚಿತ್ರಕ್ಕೇ ಅದರ ಆಶ್ರಯ ದೊರೆಯಲಿಲ್ಲ.

ಹಿರಿಮೆಯೆಂದರೆ ಒಂದು ಫಲಕ. ರಾಜಿಯ ಷರತ್ತಿನಂತೆ ವಲ್ಲಿಯನ್ನು ಮೊದಲು ನ್ಯೂಯಾರ್ಕಿನ ಯಹೂದಿ ಪರಂಪರೆಯ ಸಂಗ್ರಹಾಲಯದಲ್ಲಿ ಮೂರು ವಾರ ಪ್ರದರ್ಶಿಸಲಾಯಿತು. ಆಮೇಲೆ ಅದು ವಿಯೆನ್ನಾಕ್ಕೆ ಹೋಯಿತು. ಅಲ್ಲಿಯಾಗಲಿ, ಆ ಸಂಗ್ರಹಾಲಯದ ಒಪ್ಪಿಗೆಯಿಂದ ಜಗತ್ತಿನ ಬೇರೆಲ್ಲಿಯಾಗಲಿ ಅದನ್ನು ತೂಗುಹಾಕಿದಾಗ, ಪಕ್ಕದಲ್ಲಿ ಅದರ ನಿಜವಾದ ಒಡೆತನದ ಚರಿತ್ರೆಯನ್ನು, ಲೇಯಾ ಬೋಂಡಿಯವರಿಂದ ಅದನ್ನು ಕಸಿದುಕೊಂಡ ಸಂಗತಿಯನ್ನು, ಬರೆದು ಹಾಕಲೇಬೇಕು. ಹೆರೆದುಹಾಕಿದ್ದ ಹೆಸರನ್ನು ಕೊನೆಯ ಗರಿಯಲ್ಲಿ ಮತ್ತೆ ಕೊರೆದಂತಾಯಿತು ಇದು. ಹಣ ವಾರಸುದಾರರಲ್ಲಿ ಹಂಚಿಹೋಗುತ್ತದೆ. ಚಿತ್ರದ ಮುಂದೆ ನಿಲ್ಲುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಹೆಸರನ್ನು ಓದುತ್ತಾನೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಕಲಾಚರಿತ್ರೆಗೆ ಸಂದ ನ್ಯಾಯ ಇದೇ.

ಇವೆಲ್ಲ ಯೂರೋಪಿನ ಗಾಯಗಳು, ನಮಗೇನು ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರವಿದೆ. ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಾಲಯ 2008ರಲ್ಲಿ ಸುಭಾಷ್ ಕಪೂರ್ ಎಂಬ ವ್ಯಾಪಾರಿಯಿಂದ 50 ಲಕ್ಷ ಡಾಲರಿಗೆ ಚೋಳರ ಕಾಲದ ಕಂಚಿನ ನಟರಾಜನೊಬ್ಬನನ್ನು ಕೊಂಡಿತು. ಭಾರತದ 1972ರ ಪುರಾವಸ್ತು ಕಾಯಿದೆಗೆ ಮುಂಚೆಯೇ ಅದು ದೇಶ ಬಿಟ್ಟಿತ್ತೆಂದು ಸಾರುವ ಕಾಗದಗಳೂ ಜೊತೆಗಿದ್ದವು. ಆ ಕಾಗದಗಳು ಸುಳ್ಳೆಂದು ಸಾಬೀತುಪಡಿಸಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಛಾಯಾಚಿತ್ರ. ಅದರಲ್ಲಿ ಅದೇ ನಟರಾಜ ತಮಿಳುನಾಡಿನ ಶ್ರೀಪುರಂದಾನ್ ಎಂಬ ಊರಿನ ದೇವಾಲಯದಲ್ಲಿದ್ದ. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಅದೇ ಸಂಗ್ರಹಾಲಯ 2021ರಲ್ಲಿ ಇನ್ನೂ 14 ವಸ್ತುಗಳನ್ನು ಮರಳಿಸುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಒಂದು ಚಿತ್ರಪಟದ ಸುರುಳಿಯೂ ಇತ್ತು. ಇಲ್ಲಿ ನನ್ನ ಗಮನ ಸೆಳೆಯುವುದು ಆ ಅನಾಮಧೇಯ ಛಾಯಾಗ್ರಾಹಕನ ಕೆಲಸ. ಊರೂರು ಅಲೆದು, ಈ ಮೂರ್ತಿ ಇಂಥ ಗುಡಿಯಲ್ಲಿದೆ ಎಂದು ದಾಖಲಿಸಿದಾಗ ಅದು ಮುಂದೊಂದು ದಿನ ಸಾಕ್ಷಿಯಾದೀತೆಂದು ಅವನಿಗೆ ತಿಳಿದಿರಲಾರದು. ದಾಖಲೆಯ ಬೆಲೆ ಬರೆಯುವಾಗ ಗೊತ್ತಾಗುವುದಿಲ್ಲ.

ನಮ್ಮ ಪರಂಪರೆಗೆ ಇದು ಗೊತ್ತಿತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಅದನ್ನು ನಾವು ಔದಾರ್ಯಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಶಾಸ್ತ್ರದಾನದ ಪದ್ಧತಿಯಲ್ಲಿ ಔದಾರ್ಯದ ಜೊತೆಗೆ ಲೆಕ್ಕವೂ ಇತ್ತು. ಬರೆಯಿಸಿದವರ, ಬರೆದವರ, ಪಡೆದವರ ಹೆಸರುಗಳನ್ನು ಪ್ರತಿಯ ಕೊನೆಯಲ್ಲಿ ಬರೆಯುವುದು ಆಡಂಬರವಾಗಿರಲಿಲ್ಲ. ವಸ್ತು ಯಾವ ಕೈಯಿಂದ ಯಾವ ಕೈಗೆ ನ್ಯಾಯವಾಗಿ ಬಂದಿತೆಂಬುದಕ್ಕೆ ಅದು ಪ್ರಮಾಣವಾಗಿತ್ತು. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಕದ್ದು ತಂದ ವಸ್ತುವನ್ನು ಸ್ವೀಕರಿಸುವುದನ್ನೂ ಶಾಸ್ತ್ರಕಾರರು ಎಣಿಸಿದ್ದಾರೆ. ತಾನು ಕದಿಯಲಿಲ್ಲ ಎಂದ ಮಾತ್ರಕ್ಕೆ ವ್ರತ ಪೂರ್ಣವಾಗುವುದಿಲ್ಲ ಎಂಬ ಈ ವಿವೇಕ ವಿಯೆನ್ನಾದ ಕಡತಗಳಿಗೂ ಸಲ್ಲುತ್ತದೆ.

ಆದ್ದರಿಂದ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟು. ಹಸ್ತಪ್ರತಿಯನ್ನೋ ಶಾಸನವನ್ನೋ ಚಿತ್ರವನ್ನೋ ಪರಿಚಯಿಸುವಾಗ ‘ಖಾಸಗಿ ಸಂಗ್ರಹದಿಂದ’ ಎಂಬ ಎರಡು ಪದಗಳಿಂದ ತೃಪ್ತರಾಗಬೇಡಿ. ಯಾರ ಸಂಗ್ರಹ, ಅವರಿಗೆ ಯಾರಿಂದ, ಯಾವಾಗ ಬಂದಿತು ಎಂದು ಕೇಳಿ. ಉತ್ತರ ಸಿಕ್ಕಿದರೆ ಬರೆಯಿರಿ. ಸಿಕ್ಕದಿದ್ದರೆ ಸಿಕ್ಕಲಿಲ್ಲವೆಂದು ಬರೆಯಿರಿ. ಹಿಂದಿನ ಸೂಚಿಯಲ್ಲಿ ಹೀಗಿದೆ ಎಂಬುದು ಸಾಕ್ಷಿಯಲ್ಲ. ಅದೂ ಇನ್ನೊಂದು ಪ್ರತಿ ಮಾತ್ರ. ಒಬ್ಬ ದಾಖಲೆಗಾರನಾದರೂ 1947ರಲ್ಲೋ 1950ರಲ್ಲೋ ವಲ್ಲಿಯ ಹೆಸರಿನ ಮುಂದೆ ‘ಇದು ರೀಗರ್ ಅವರದ್ದೆಂಬುದಕ್ಕೆ ಆಧಾರ ಸಾಲದು’ ಎಂದು ಬರೆದಿದ್ದರೆ, ಲೇಯಾ ಬೋಂಡಿ ತಮ್ಮ ಗೋಡೆಯ ಮೇಲೆ ಆ ಚಿತ್ರವನ್ನು ಮತ್ತೊಮ್ಮೆ ನೋಡಿ ಕಣ್ಣುಮುಚ್ಚುತ್ತಿದ್ದರೇನೋ.

ನನ್ನ ಗುರುಗಳ ಮಾತಿನಂತೆ ಆ ಓಲೆಗರಿಯ ವಿವರಣೆಯನ್ನು ಅಂದೇ ತಿದ್ದಿದೆ. ‘ಕೊನೆಯ ಗರಿ, ಮೂರನೆಯ ಸಾಲು: ಒಂದು ಹೆಸರು ಹೆರೆದಿದೆ.’ ಆ ಹೆಸರು ಯಾರದ್ದೆಂದು ಇಂದಿಗೂ ತಿಳಿದಿಲ್ಲ. ಆದರೆ ಮುಂದೆ ಹುಡುಕುವವರಿಗೆ, ಎಲ್ಲಿ ಹುಡುಕಬೇಕೆಂಬುದು ತಿಳಿದಿದೆ.